ಹೆಬ್ಬೆರಳಿಗೆ ಸಿಕ್ಕ ಕಾಯಿಲೆ

ಎಂಜಿನ್ನೇ ಬದಲಿಸಬೇಕೆಂದು ಎಲ್ಲರೂ ಕೈಬಿಟ್ಟಿದ್ದ ನನ್ನ ಕಾರು ಹೇಗೆ ಸದ್ದು ಮಾಡುತ್ತದೆಂದು ಸತ್ಯಮಂಗಲದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಿದ್ದೆ. ಅವರ ಹೆಂಡತಿ ನಕ್ಕುಬಿಟ್ಟರು: "ಅವ್ರಿಗೆ ಕಿವಿ ಕೇಳ್ಸಲ್ಲ ಸಾರ್. ನೀವು ಕೀ ತಿರುಗ್ಸಿ."

ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ನಾನು ಕೀ ತಿರುಗಿಸುತ್ತಿದ್ದಂತೆ ಒಂದೊಂದೇ ತೂತಿಗೆ ಹೆಬ್ಬೆರಳು ಒತ್ತಿದರು. ಮೂರು ಸಿಲಿಂಡರಿನ ಗಾಳಿ ಬೆರಳನ್ನು ತಳ್ಳಿತು, ಒಂದರದ್ದು ತಳ್ಳಲಿಲ್ಲ. ಅದಕ್ಕೆ ಚೂರು ಆಯಿಲ್ ಬಿಟ್ಟು ಮತ್ತೆ ಒತ್ತಿದರು. ಆಗಲೂ ಇಲ್ಲ.

"ಪಿಸ್ಟನ್ ರಿಂಗ್ ಸವ್ದಿದ್ರೆ ಆಯಿಲ್ ಬಿಟ್ಟಾಗ ಗಾಳಿ ನಿಲ್ತಿತ್ತು. ರಿಂಗ್ ಚೆನ್ನಾಗವೆ. ವಾಲ್ವ್ ಸುಟ್ಟೈತೆ" ಎಂದರು. ಬಿಚ್ಚಿದರೆ, ಒಂದು ವಾಲ್ವಿನ ಅಂಚು ನಿಜಕ್ಕೂ ಸುಟ್ಟಿತ್ತು!

ಹೊಸದನ್ನು ಹಾಕಿ, ನನ್ನ ಹೆಬ್ಬೆರಳನ್ನೇ ಆ ತೂತಿನ ಮೇಲಿಡಿಸಿ, ತಾವು ಕೀ ತಿರುಗಿಸಿದರು. ಗಾಳಿ ಅದನ್ನು ಎತ್ತಿ ಎಸೆಯಿತು.

ಈಗ ಕುಣಿಗಲ್ ರಸ್ತೆಯಲ್ಲಿ ಕಾರು ಓಡಿಸುವಾಗ ಸದ್ದಿಗೆ ಕಿವಿಗೊಡುವುದನ್ನು ಬಿಟ್ಟಿದ್ದೇನೆ. ಸ್ಟೀರಿಂಗಿನ ಮೇಲಿನ ಹೆಬ್ಬೆರಳು ಏನು ಹೇಳುತ್ತದೋ ನೋಡುತ್ತೇನೆ.