ನಮಗ್ಯಾಕೆ ಎನ್ನದ ಪುಟ್ಟಮ್ಮಣ್ಣಿ

ದೇವನೂರಿನ ಪುಟ್ಟಮ್ಮಣ್ಣಿ ಹತ್ತಿದರೆಂದರೆ ನಂಜನಗೂಡಿನ ಬಸ್ಸಿನಲ್ಲಿ ಕಂಡಕ್ಟರನ ಬಾಯಿಗೆ ತಾನಾಗಿಯೇ ಮರ್ಯಾದೆ ಬರುತ್ತದೆ, ಡ್ರೈವರ್ ಟೇಪ್‌ರೆಕಾರ್ಡರಿನ ಸದ್ದನ್ನೂ ತಗ್ಗಿಸುತ್ತಾನೆ. ಕೂಲಿ ಹೆಂಗಸನ್ನು ಯಾರಾದರೂ ಸೀಟಿನಿಂದ ಎಬ್ಬಿಸಿದರೆ, ಆಸ್ಪತ್ರೆಯ ಸಾಲಿನಲ್ಲಿ ಮುದುಕನೊಬ್ಬನನ್ನು ಹಿಂದಕ್ಕೆ ತಳ್ಳಿದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ 'ಯಾಕಪ್ಪಾ, ಇವ್ರೇನು ಮನುಷ್ಯರಲ್ವಾ?' ಎಂದು ಅವರು ಎತ್ತುವ ದನಿಗೆ ಕಪಿಲೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರೂ ತಿರುಗಿ ನೋಡುತ್ತಾರೆಂಬುದು ಊರಿನವರ ನಂಬಿಕೆ. 'ಬುಡಿ ಅತ್ತೆ, ನಮಗ್ಯಾಕೆ' ಎಂದು ಸೊಸೆ ಶ್ವೇತ ಕೈ ಹಿಡಿದೆಳೆದರೆ ಜಗಳ ಅವಳ ಮೇಲೆಯೇ ತಿರುಗುತ್ತದೆ. 'ನಮಗ್ಯಾಕೆ' ಎಂಬ ಮಾತು ಆ ಮನೆಯಲ್ಲಿ ಬೈಗುಳಕ್ಕಿಂತ ಕೀಳು. ಇಂಥ ಹೆಂಗಸು ತಿ. ನರಸೀಪುರಕ್ಕೆ ಹೋದಾಗ ಮಾತ್ರ, ಹೊಳೆದಂಡೆಯ ಅಂಬಿಗರ ಬೀದಿ ಬಂದೊಡನೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ತುಟಿ ಬಿಚ್ಚದೆ, ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆಯುತ್ತಾರೆ. 'ಇದ್ಯಾಕತ್ತೆ?' ಎಂದು ಶ್ವೇತ ಒಮ್ಮೆ ಕೇಳಿಯೇಬಿಟ್ಟಳು. 'ಪಾಳೇಗಾರನ ಕಡೆಯೋರು ಅಟ್ಟುಸ್ಕೊಂಡು ಬಂದಾಗ ನಮ್ಮ ಹಿರೀಕರನ್ನ ದೋಣೀಲಿ ದಾಟ್ಸಿ, ಮನೇಲಿ ಬಚ್ಚಿಟ್ಕೊಂಡೋರು ಈ ಬೀದಿಯೋರು ಕಣವ್ವ. ಅವತ್ತು ಇವ್ರು ನಮಗ್ಯಾಕೆ ಅಂದಿದ್ರೆ, ಇವತ್ತು ಕೂಗಾಡಕ್ಕೆ ಈ ಗಂಟ್ಲೆಲ್ಲಿರ್ತಿತ್ತು?'