ಮಾಡಿಲ್ಲದ ಕಾರಿಗೆ ಗಿರಾಕಿ

ಅಣ್ಣನಿಗೆ ಶಿರಸಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜಿತ್ತು. ಯಲ್ಲಾಪುರದ ಸಾಮಿಲ್ಲೊಂದರ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಅಮೆರಿಕದ ಕಾರೊಂದನ್ನು ಅವನು ಲಾರಿಯ ಹಿಂದೆ ಕಟ್ಟಿ ಎಳೆದು ತಂದ. ಮುಂಬಯಿಯ ಮರದ ವ್ಯಾಪಾರಿಯೊಬ್ಬ ಬಿಟ್ಟುಹೋದದ್ದಂತೆ. ಮೇಲಿನ ಬಟ್ಟೆಯ ಮಾಡನ್ನು ಮಡಚಿ ಹಿಂದಕ್ಕೆ ಹಾಕುವಂಥ ಕಾರು. ಬಟ್ಟೆಯನ್ನು ಇಲಿ ತಿಂದಿದ್ದರಿಂದ ಮಡಚುವ ಕೆಲಸ ಉಳಿದಿರಲಿಲ್ಲ. ಸ್ಟೇರಿಂಗು ಎಡಗಡೆಗಿತ್ತು.

ಎರಡು ಮಳೆಗಾಲ ಕೂತು ಅಣ್ಣ ಅದನ್ನು ಸರಿಮಾಡಿದ. ಹಸಿರು ಬಣ್ಣ ಹೊಡೆದ. ಲಾರಿಯ ತಾಡಪತ್ರಿಯಿಂದ ಹೊಸ ಮಾಡು ಹೊಲಿಸಿದ. ಅದನ್ನು ಬಿಡಿಸಲು ಇಬ್ಬರು ಬೇಕು, ಮಡಚಲು ಮೂವರು. ಆಮೇಲೆ ಗ್ಯಾರೇಜಿನ ಮುಂದೆ ‘ಮಾರಾಟಕ್ಕಿದೆ’ ಎಂಬ ಹಲಗೆ ತೂಗುಹಾಕಿ, ಬಂದ ಗಿರಾಕಿಗಳನ್ನೆಲ್ಲ ವಾಪಸು ಕಳಿಸತೊಡಗಿದ. ಮತ್ತಿಘಟ್ಟದವರೊಬ್ಬರು ಅಡಿಕೆ ಚೀಲ ಎಷ್ಟು ಹಿಡಿಯುತ್ತದೆಂದು ಕೇಳಿದರು. ಅಣ್ಣ ಅವರ ಕಣ್ಣೆದುರೇ ಹಲಗೆ ತೆಗೆದು ಒಳಗಿಟ್ಟ. ಅವರು ಹೋದ ಮೇಲೆ ಮತ್ತೆ ಹಾಕಿದ.

“ಮಾರದಿಲ್ಲೆ ಹೇಳಾದ್ರೆ ಹಲಗೆ ಎಂತಕ್ಕಾ ತಮಾ?” ಎಂದಳು ಆಯಿ, ನಮ್ಮ ತಾಯಿ.

“ಮಾರ್ತೆ. ಸರಿಯಾದ ಜನ ಬರವು.”

ಏಕೀಕರಣವಾದ ಮರುವರ್ಷದ ಬೇಸಿಗೆ. ನಾನು ಆಗ ಹುಡುಗಿಯರ ಶಾಲೆಯ ಅಕ್ಕೋರು, ರಜೆಯಿತ್ತು. ಬನವಾಸಿ ಕಡೆಯ ವ್ಯಾಪಾರಿಯೊಬ್ಬರು ತಾಯಿಯನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಕಾರು ನೋಡಲು ಬಂದರು. ಮುದುಕಿಗೆ ಬಸ್ಸು ಹತ್ತಿದರೆ ವಾಂತಿ. ಮಗಳನ್ನು ಕೊಟ್ಟದ್ದು ಯಲ್ಲಾಪುರಕ್ಕೆ. ಮಗಳು ಕಾಲು ಮುರಿದುಕೊಂಡ ಮೇಲೆ ಅವಳೂ ತವರಿಗೆ ಬರುವಂತಿರಲಿಲ್ಲ. ತಾಯಿ-ಮಗಳು ಮುಖ ನೋಡದೆ ವರ್ಷಗಳೇ ಆಗಿದ್ದವು.

ಊರಂಚಿನ ಸುಂಕದ ನಾಕೆ ದಾಟಿ ತಿರುಗಿಸಿಕೊಂಡು ಬರೋಣವೆಂದು ಅಣ್ಣ ಅವರನ್ನು ಹತ್ತಿಸಿದ. ಮುದುಕಿಯ ಜೊತೆಗಿರಲೆಂದು ನಾನು ಹಿಂದೆ ಕೂತೆ. ನಾಕೆ ದಾಟಿತು.

“ಅವ್ವಾ, ಹೊಟ್ಟಿ ತೊಳಸಾಕತ್ತೈತೇನು?” ಎಂದು ಮಗ ಕೇಳಿದರು.

“ಇಲ್ಲಪಾ. ಈ ದಾರಿ ಎಲ್ಲಿಗೆ ಹೊಕ್ಕೈತಿ?”

“ಯಲ್ಲಾಪುರಕ್ಕ.”

“ಮತ್ತ ತಿರುಗಿಸೂದ್ಯಾಕ?”

ಅಣ್ಣ ಆ ಮಗನ ಮುಖ ನೋಡಿದ. ಅವರು ರಸ್ತೆ ನೋಡಿದರು. ಯಾರೂ ತಿರುಗಿಸಲಿಲ್ಲ. ಆಯಿಗೆ ಹೇಳಿ ಬಂದಿಲ್ಲವೆಂಬುದು ನನಗೆ ಕಾಡಿನ ನಡುವೆ ನೆನಪಾಯಿತು.

ಎದುರು ಬಂದ ಲಾರಿಯವರು ಬಲಗಡೆ ಕೂತಿದ್ದ ವ್ಯಾಪಾರಿಯೇ ಕಾರು ಓಡಿಸುತ್ತಿದ್ದಾರೆಂದು ತಿಳಿದರು. ವ್ಯಾಪಾರಿಯೋ ಎರಡೂ ಕೈಯಲ್ಲಿ ತಲೆಯ ರುಮಾಲು ಹಿಡಿದುಕೊಂಡಿದ್ದರು. ಅದನ್ನು ಕಂಡು ಕೆಲವರು ಲಾರಿಯನ್ನು ಕಾಡಿಗೇ ಇಳಿಸಿದರು. ದಾರಿಯಲ್ಲಿ ಒಂದು ಮಳೆಯೂ ಬಂತು. ಗಂಡಸರಿಬ್ಬರು ಸೇರಿ ತಾಡಪತ್ರಿ ಬಿಡಿಸಿ ಮುಗಿಸುವಷ್ಟರಲ್ಲಿ ಮಳೆ ನಿಂತಿತು. ಮುದುಕಿ ತೊಯ್ದ ಸೆರಗು ಹಿಂಡಿ, “ಚಲೋ ಗಾಳಿ,” ಎಂದರು.

ಯಲ್ಲಾಪುರದ ಮನೆಯ ಮುಂದೆ ಕಾರು ನಿಂತಾಗ ಮಗಳು ಕೋಲೂರಿಕೊಂಡು ಹೊರಗೆ ಬಂದಳು. ತಾಯಿಯನ್ನು ಕಂಡು ಅವಳ ಮುಖದ ಬಣ್ಣವೇ ಇಳಿಯಿತು.

“ಅವ್ವಾ, ಯಾರು ಹೋದ್ರು?”

“ಯಾರೂ ಹೋಗಿಲ್ಲ. ಕಾರ್ ನೋಡಾಕ ಬಂದೇವಿ.”

ಮಗಳು ಕೋಲು ಬಿಟ್ಟು ತಾಯಿಯನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಮುದುಕಿಯೂ ಅತ್ತರು. ಅಣ್ಣ ಬಾನೆಟ್ ಎತ್ತಿ ಬಹಳ ಹೊತ್ತು ಒಳಗೆ ನೋಡುತ್ತ ನಿಂತ. ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಮರುದಿನ ಶಿರಸಿಗೆ ಮರಳಿದೆವು. ಅಣ್ಣ ಹಲಗೆ ತೆಗೆದು ಬಚ್ಚಲ ಒಲೆಗೆ ಹಾಕಿದ. ರಾತ್ರಿಯಿಡೀ ಊರೆಲ್ಲ ವಿಚಾರಿಸಿದ್ದ ಆಯಿ ಬಾಗಿಲಲ್ಲೇ ನಿಂತಿದ್ದಳು.

“ಮಾರಿದ್ಯ?”

“ಮಾರ್ದೆ.”

“ಹಂಗಾರೆ ಕೈಕಾಲು ತೊಳ್ಕಂಡು ಊಟಕ್ಕೆ ಬನ್ನಿ.” ನನ್ನ ಜೊತೆ ಮಾತ್ರ ಎರಡು ದಿನ ಮಾತಾಡಲಿಲ್ಲ.

ವ್ಯಾಪಾರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಸಲು ಅಣ್ಣ ಬನವಾಸಿಗೆ ಹೋಗಿ ಉಳಿದ. ಅವನು ಬರುವ ತನಕ ಗ್ಯಾರೇಜಿನ ಲಾರಿಗಳು ಕಾದವು. ಆಮೇಲೆ ಪ್ರತಿ ಬೇಸಿಗೆಯಲ್ಲೂ ವ್ಯಾಪಾರಿ ಓಡಿಸುವ ಆ ಹಸಿರು ಕಾರು ಯಲ್ಲಾಪುರಕ್ಕೆಂದು ನಮ್ಮ ಗ್ಯಾರೇಜಿನ ಮುಂದೆಯೇ ಹಾದುಹೋಗುತ್ತಿತ್ತು. ಮುದುಕಿ ಇಳಿಯುತ್ತಿರಲಿಲ್ಲ, ಕೂತಲ್ಲಿಂದಲೇ “ಅಕ್ಕೋರ, ಹೋಗಿ ಬರ್ತೀವ್ರಿ” ಎಂದು ಕೂಗುತ್ತಿದ್ದರು. ಅಣ್ಣ ಗ್ರೀಸಿನ ಕೈಯಲ್ಲೇ ರಸ್ತೆಗೆ ಬಂದು, ಸದ್ದು ಅಡಗುವ ತನಕ ಕಿವಿಗೊಟ್ಟು ನಿಲ್ಲುತ್ತಿದ್ದ.

“ಇನ್ನೂ ಎರಡನೇ ಗೇರಲ್ಲೇ ಹೋಗ್ತಾ ಇದ್ದ,” ಎಂದು ಒಳಗೆ ಹೋಗುತ್ತಿದ್ದ.