ಭೀಮಶಿ ಸರ್ ಕಟ್ಟಿಹಾಕಿದ ಎಂಟು ಎಲೆಕ್ಟ್ರಾನುಗಳು

ಮೂಡಲಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಭೀಮಶಿ ಸರ್‌ಗೆ ಒಂದೇ ಹುಚ್ಚು. ಒಂದು ಕ್ಯಾಲ್ಸಿಯಂ, ಒಂದು ಫ್ಲೋರಿನ್ ಕೂಡಿದ ಪುಟ್ಟ ಅಣುವಿನಲ್ಲಿ ಎಲೆಕ್ಟ್ರಾನುಗಳು ಹೇಗೆ ಹಂಚಿಕೊಂಡಿವೆ, ಎರಡರ ನಡುವಿನ ಬಂಧ ಎಷ್ಟು ಉದ್ದ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಹಾಕಿ ಹಾಕಿ ಕೊನೆಗೆ ಪ್ರಬಂಧವೂ ಅಚ್ಚಾಯಿತು. ಹುಟ್ಟೂರು ನಾಗನೂರಿನವರಿಗೆ ಅದರಲ್ಲಿ ಒಂದಕ್ಷರ ತಿಳಿಯದಿದ್ದರೂ ಹಿಗ್ಗಿ ಹೀರೇಕಾಯಿಯಾಗಿ ಸತ್ಕಾರ ಇಟ್ಟುಕೊಂಡರು.

ಶಾಲು ಹೊದ್ದ ಮೇಲೆ ಸರ್ ನಾಲಿಗೆ ಉದ್ದವಾಯಿತು. ಶಾಲಿನ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ಆಮ್ರಪಾಲಿಯನ್ನು ತೋರಿಸಿ ಮೈಕಿನಲ್ಲಿ, "ಈಕಿ ನೋಡ್ರಿ, ಅದ ಅಣುವಿಗೆ ಬ್ಯಾರೆ ಉತ್ತರ ತಂದಾಳ. ಲೆಕ್ಕದಾಗ ಭಾಳ ಕಚ್ಚಾ!" ಎಂದರು. ಮಂದಿ ನಕ್ಕಿತು. ಸತ್ಕಾರ ನೋಡಲೆಂದು ಹುಕ್ಕೇರಿಯಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವಳ ತಾಯಿ ತಾಯವ್ವ ತಲೆ ತಗ್ಗಿಸಿದಳು. ಮರುವಾರದಿಂದ ಆಮ್ರಪಾಲಿ ಓದು ಬಿಟ್ಟಳು.

ಎಂಟು ತಿಂಗಳಾದ ಮೇಲೆ ಮತ್ತೊಂದು ಅಣುವಿಗೆಂದು ಹಳೆಯ ಫೈಲು ತೆರೆದಾಗ ಸರ್‌ಗೆ ತಮ್ಮ ತಪ್ಪು ಕಣ್ಣಿಗೆ ಬಿತ್ತು. ಲೆಕ್ಕ ಹಗುರಾಗಲೆಂದು ಪರಮಾಣುಗಳ ಒಳಪದರದ ಎಲೆಕ್ಟ್ರಾನುಗಳನ್ನು ಅಲುಗಾಡದಂತೆ ಕಟ್ಟಿಹಾಕುವುದು ರೂಢಿ. ಬೇಡವೆನ್ನದಿದ್ದರೆ ಪ್ರೋಗ್ರಾಮು ತಾನೇ ಕಟ್ಟಿಬಿಡುತ್ತದೆ. ಆದರೆ ಕ್ಯಾಲ್ಸಿಯಂನ ಹೊರಪದರದ ಎರಡು ಎಲೆಕ್ಟ್ರಾನುಗಳ ಬೆನ್ನಿಗೇ ಇರುವ ಎಂಟನ್ನು ಕಟ್ಟಬಾರದು, ಕಟ್ಟಿದರೆ ಬಂಧದ ಉದ್ದ ತಪ್ಪುತ್ತದೆ. ಸರ್ ನೋಡದೆ ಕಟ್ಟಲು ಬಿಟ್ಟಿದ್ದರು. ಆಮ್ರಪಾಲಿ ಬಿಚ್ಚಿದ್ದಳು. ಪ್ರಯೋಗದಲ್ಲಿ ಸಿಕ್ಕ ಅಳತೆಗೆ ಅವಳ ಉತ್ತರವೇ ಕೂಡುತ್ತಿತ್ತು.

ಮೂರು ದಿನ ಅವರಿಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಹುಕ್ಕೇರಿಯ ಬಸ್ಸು ಹತ್ತಿ ಅವಳ ಮನೆಗೆ ಹೋದರು. ಪಡಸಾಲೆಯಲ್ಲಿ ನೆರೆಯವರು ಕುಳಿತಿದ್ದರು. "ಒಳಗ ಮಾತಾಡೂಣ್ರಿ" ಎಂದು ಸರ್ ತಾಯಿ-ಮಗಳಿಬ್ಬರನ್ನೂ ಅಡಿಗೆಮನೆಗೆ ಕರೆದುಕೊಂಡು ಹೋದರು.

"ತಪ್ಪ ನಂದವಾ. ನಿಂದ ಖರೆ ಇತ್ತು. ತಿರುಗಿ ಬಾ."

"ಗೊತ್ತಿತ್ರಿ ಸರ್," ಎಂದಳು ಆಮ್ರಪಾಲಿ. "ಸತ್ಕಾರದ ಹಿಂದಿನ ದಿನಾನ ನಿಮ್ಮ ಫೈಲ್ ನೋಡಿದ್ನಿ. ಆಗಲೇ ಶಾಲು ತಂದಿದ್ರು. ಹೆಂಗ ಹೇಳ್ಲಿ?"

ಭೂಮಿ ಬಾಯಿ ಬಿಡಬಾರದೇ ಅನಿಸಿತು ಸರ್‌ಗೆ. ತಮ್ಮ ಮಾನ ಕಾಯ್ದವಳ ಮಾನವನ್ನೇ ಅವರು ಮೈಕಿನಲ್ಲಿ ಕಳೆದಿದ್ದರು.

ತಾಯವ್ವ ಚಹಾದ ಕಪ್ಪು ಮುಂದಿಟ್ಟಳು. "ಕಚ್ಚಾ ಅದಾಳ ಅಂತ ಊರ ಮುಂದ ಹೇಳಿದ್ರಿ. ಶಾಣೆ ಅದಾಳ ಅನ್ನೂದನ್ನ ಒಲಿ ಮುಂದ ಹೇಳಾಕತ್ತೀರಲ್ರಿ ಸರ."

ಚಹಾ ಮುಟ್ಟದೆ ಸರ್ ಎದ್ದು ಪಡಸಾಲೆಗೆ ಬಂದರು. ನೆರೆಯವರೆಲ್ಲ ಅವರ ಮುಖ ನೋಡಿದರು. ನಾಗನೂರಿನಲ್ಲಿ ಮೈಕಿನ ಮುಂದೆ ಅಷ್ಟು ಸಲೀಸಾಗಿ ಆಡಿದ ಸರ್ ಇಲ್ಲಿ "ಬರ್ತೀನ್ರಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು.